ಕೆಟ್ಟ ತಳಿ ಎಂಬ ಸುಳ್ಳು

ನನ್ನನ್ನು ಆ ಊರಿಗೆ ಕಳಿಸಿದ್ದು ಜೇನುಹುಳುಗಳ ಮೇಲಿನ ಆರೋಪವನ್ನು ಸಾಬೀತು ಮಾಡಲಿಕ್ಕೆ ಎಂಬುದು ನನಗೆ ಗೊತ್ತಾಗಿದ್ದು ತಡವಾಗಿ. ಹೊರಡುವ ಮುಂಚೆ ನಮ್ಮ ನಿರ್ದೇಶಕರು ಹೇಳಿದ್ದು ಇಷ್ಟೇ: “ಪಿರಿಯಾಪಟ್ಟಣ ತಾಲ್ಲೂಕು, ಹಾರನಹಳ್ಳಿ ಹೋಬಳಿ. ಪೆಟ್ಟಿಗೆ ಜೇನು ಕಚ್ಚಿ ಒಬ್ಬ ಹೆಂಗಸು ಆಸ್ಪತ್ರೆ ಸೇರಿದ್ದಾಳೆ. ತುಡುವೆ ಜೇನು ಅಷ್ಟು ಜೋರಾಗಿ ಮೇಲೆ ಬೀಳೋದು ಅಪರೂಪ. ನನಗೆ ಅದರ ಕಾವಲು ಹುಳುಗಳ ಮಿದುಳು ಬೇಕು.”

ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನನ್ನ ಕೆಲಸವೇ ಅದು. ಒಂದೇ ರಾಣಿಯ ಮಕ್ಕಳಲ್ಲಿ ಒಂದು ಹುಳು ಮರಿಗಳಿಗೆ ಉಣಿಸುತ್ತದೆ, ಒಂದು ಬಾಗಿಲು ಕಾಯುತ್ತದೆ, ಇನ್ನೊಂದು ಹೂವಿಗೆ ಹಾರುತ್ತದೆ. ಹುಟ್ಟಿನಿಂದ ಬಂದ ಜೀನುಗಳು ಹೆಚ್ಚುಕಡಿಮೆ ಅವೇ. ಮಿದುಳಿನ ಜೀವಕೋಶಗಳಲ್ಲಿ ಸದ್ಯಕ್ಕೆ ಯಾವ ಜೀನು ಕೆಲಸಕ್ಕೆ ಕೂತಿದೆ, ಯಾವುದು ಸುಮ್ಮನಿದೆ ಎಂಬುದರಲ್ಲಿ ವ್ಯತ್ಯಾಸ. ಮನೆಯಲ್ಲಿ ಒಲೆ ಇದೆ ಅನ್ನುವುದು ಬೇರೆ, ಒಲೆ ಉರಿಯುತ್ತಿದೆ ಅನ್ನುವುದು ಬೇರೆ. ನಾವು ಅಳೆಯುವುದು ಉರಿಯನ್ನು. ಈ ಮಾತನ್ನು ನಿರ್ದೇಶಕರಿಗೆ ನಾನು ಕಲಿಸಬೇಕಾಗಿರಲಿಲ್ಲ. ನನಗೆ ಕಲಿಸಿದವರೇ ಅವರು. ನನ್ನ ಸಿಟ್ಟಿಗೆ ಮೂಲ ಅದು.

ಪೆಟ್ಟಿಗೆಗಳ ಒಡತಿ ನನಗಿಂತ ಸ್ವಲ್ಪ ದೊಡ್ಡವರು, ಅಕ್ಕ ಎಂದೇ ಕರೆದೆ. ಗಂಡ, ಹೆಂಡತಿ ಇಬ್ಬರೂ ರಾಗಿ, ಅವರೆ, ಸ್ವಲ್ಪ ಹೊಗೆಸೊಪ್ಪು ಬೆಳೆಯುವವರು. ಜೇನು ಮಾತ್ರ ಅಕ್ಕನದೇ ಕಾರಬಾರು. ನಾನು ಹೋದಾಗ ಆಕೆ ಹೊಲದ ಬದುವಿನಲ್ಲಿ ನಿಂತುಕೊಂಡೇ ಮಾತಾಡಿದರು. ಕೂರಿ ಅನ್ನಲಿಲ್ಲ.

“ಸುಡ್ತೀವಿ ಅಂತವ್ರೆ ಪಂಚಾಯ್ತಿಯೋರು. ನಿಮ್ ರಿಪೋರ್ಟ್ ಬರಗಂಟ ಕಾಯ್ತೀವಿ ಅಂದವ್ರೆ ಅಷ್ಟೆಯ. ನೀವೂ ಸುಡಿ ಅಂತ್ಲೇ ಬರಿಯಕ್ ಬಂದಿದ್ರೆ ಈಗ್ಲೇ ಏಳ್ಬುಡಿ ಮೇಡಂ.”

“ಇಲ್ಲಕ್ಕ. ಯಾಕೆ ಕಚ್ಚಿದ್ವು ಅಂತ ನೋಡೋಕೆ ಬಂದಿದ್ದೀನಿ.”

“ಮದ್ಲು ಇಂಗಿರ್ಲಿಲ್ಲ ಕಣಮ್ಮ. ಮುಚ್ಚಳ ತೆಗೆದ್ರೆ ಕೈ ಮ್ಯಾಲೆ ಓಡಾಡ್ಕಂಡಿರವು. ಈಗ ನಾನ್ ಓದ್ರೂ ಬುಡಕಿಲ್ಲ.”

ನಮ್ಮ ಪರೀಕ್ಷೆ ಸರಳ. ಕೋಲಿನ ತುದಿಗೆ ಕಪ್ಪು ಚರ್ಮದ ತುಂಡೊಂದನ್ನು ಕಟ್ಟಿ ಪೆಟ್ಟಿಗೆಯ ಬಾಗಿಲ ಮುಂದೆ ಅಲ್ಲಾಡಿಸುತ್ತೇವೆ. ಹುಳುಗಳು ಅದಕ್ಕೆ ಎಷ್ಟು ಕೊಂಡಿ ಚುಚ್ಚುತ್ತವೆ ಎಂದು ನೋಡುತ್ತೇವೆ. ಹೋಲಿಕೆಗೆ ಕೆ.ಆರ್. ನಗರದ ಅಕ್ಕಿ ಗಿರಣಿ ಮಾಲೀಕರೊಬ್ಬರ ತೋಟದ ಪೆಟ್ಟಿಗೆಗಳನ್ನು ಇಟ್ಟುಕೊಂಡಿದ್ದೆವು. ಅಲ್ಲಿನ ಹುಳುಗಳು ಚರ್ಮವನ್ನು ನೋಡಿ, ಬಾಗಿಲಲ್ಲಿ ಒಂದಿಷ್ಟು ಓಡಾಡಿ, ಒಳಗೆ ಹೋಗುತ್ತಿದ್ದವು. ಅಕ್ಕನ ಪೆಟ್ಟಿಗೆಯ ಮುಂದೆ ಹಿಡಿದ ಚರ್ಮ ಕ್ಷಣದಲ್ಲಿ ಕೊಂಡಿಗಳಿಂದ ತುಂಬಿತು. ನನ್ನ ಕೈಗವಸಿನ ಮಣಿಕಟ್ಟಿನ ಸಂದಿಯಲ್ಲೂ ಕೆಲವು ನುಗ್ಗಿದವು.

ಕಾವಲು ಹುಳುವನ್ನು ಹಿಡಿಯುವುದರಲ್ಲೇ ಅರ್ಧ ಕೆಲಸ ಕೆಡಬಹುದು. ಹಿಡಿದ ಗಾಬರಿಗೇ ಅದರ ಮಿದುಳಿನ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಬಾಗಿಲ ಹಲಗೆಯಿಂದ ಕೊಳವೆಯಲ್ಲಿ ಎಳೆದವರೇ ದ್ರವ ಸಾರಜನಕಕ್ಕೆ ಹಾಕಬೇಕು. ಆಗ ಆ ಕ್ಷಣ ಅಲ್ಲೇ ಹೆಪ್ಪುಗಟ್ಟುತ್ತದೆ. ಬಿಸಿಲಿಗೆ ನಮ್ಮ ಕ್ಯಾನು ಬರಿದಾಗುತ್ತಾ ಬಂದಾಗ ಹುಣಸೂರಿನ ಪಶು ಆಸ್ಪತ್ರೆಗೆ ಓಡಿದೆ. ಹಸುಗಳಿಗೆ ಕೊಡುವ ವೀರ್ಯದ ಕಡ್ಡಿಗಳನ್ನು ಇಡುವ ಸಾರಜನಕದಲ್ಲಿ ಒಂದಿಷ್ಟನ್ನು ಅಲ್ಲಿನ ಡಾಕ್ಟರು ಮರುಮಾತಿಲ್ಲದೆ ಸುರಿದುಕೊಟ್ಟರು. ಹುಳುಗಳ ಮಿದುಳು ನೋಡುತ್ತೇವೆ ಅಂದದ್ದಕ್ಕೆ, “ಅದಕ್ಕೂ ಇದೆಯಾ?” ಎಂದು ನಕ್ಕರು. ಇದೆ. ಎಳ್ಳುಕಾಳಿನಷ್ಟು. ಹೆಪ್ಪುಗಟ್ಟಿದ ತಲೆಯನ್ನು ಡ್ರೈ ಐಸಿನ ಮೇಲಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಚಿಪ್ಪು ಬಿಡಿಸಿ, ಅದನ್ನು ಒಡೆಯದಂತೆ ಎತ್ತಬೇಕು. ಆಮೇಲೆ ಅದರಿಂದ ಆರ್‌ಎನ್‌ಎ ತೆಗೆದು ಯಾವ ಜೀನು ಎಷ್ಟು ಚುರುಕಾಗಿದೆ ಎಂದು ಅಳೆಯಬೇಕು.

ಅಳೆದೆ. ಅಪಾಯದ ವಾಸನೆಗೆ ಪ್ರತಿಕ್ರಿಯಿಸುವಾಗ ಏಳುವ ಕೆಲವು ಜೀನುಗಳು ಅಕ್ಕನ ಹುಳುಗಳಲ್ಲಿ ಎದ್ದು ಕೂತಿದ್ದವು. ಕೆ.ಆರ್. ನಗರದ ಹುಳುಗಳಲ್ಲಿ ಅವೇ ಜೀನುಗಳು ತಣ್ಣಗಿದ್ದವು.

ನಿರ್ದೇಶಕರು ಗ್ರಾಫ್ ನೋಡಿದವರೇ, “ಸಿಕ್ಕಿತಲ್ಲ!” ಅಂದರು.

“ಏನು ಸಿಕ್ಕಿತು ಸರ್? ಇವು ಉದ್ರೇಕದಲ್ಲಿವೆ ಅಂತ ಗೊತ್ತಾಯ್ತು. ಅದು ಕಚ್ಚಿಸಿಕೊಂಡಾಗಲೇ ಗೊತ್ತಿತ್ತು. ಹುಟ್ಟುಗುಣವೋ, ಆ ಜಾಗದಲ್ಲಿ ಏನೋ ಕಾಡುತ್ತಿದೆಯೋ ಅನ್ನೋದು ಇದರಿಂದ ಗೊತ್ತಾಗೋದಿಲ್ಲ. ಮರಿಗಳನ್ನು ಅದಲುಬದಲು ಮಾಡಿ ನೋಡಬೇಕು.”

“ಮಾಡಿ, ಮಾಡಿ,” ಅಂದರು, ಗ್ರಾಫಿನಿಂದ ಕಣ್ಣು ತೆಗೆಯದೆ.

ಆ ವರ್ಷ ಅವರು ‘ಸಾಧು ತಳಿ’ ಎಂಬ ಯೋಜನೆ ಬರೆಯುತ್ತಿದ್ದರು. ಕಚ್ಚದ ಜೇನನ್ನು ಆರಿಸಿ, ಬೆಳೆಸಿ, ರೈತರಿಗೆ ಕೊಡುವುದು. ಯೋಜನೆಯಲ್ಲಿ ತಪ್ಪೇನಿಲ್ಲ. ಆದರೆ ಸಾಧು ತಳಿ ಬೇಕು ಅನ್ನಲು ಎಲ್ಲಾದರೂ ಒಂದು ದುಷ್ಟ ತಳಿ ಇರಬೇಕಲ್ಲ. ಅದಕ್ಕೆ ಅಕ್ಕನ ಪೆಟ್ಟಿಗೆಗಳು ಒದಗಿದವು.

ನಾನು ಅದಲುಬದಲಿಗೆ ತೊಡಗಿದೆ. ಎರಡೂ ಕಡೆಯಿಂದ ಇನ್ನೇನು ಹುಳು ಹೊರಬರಲಿರುವ ಎರಿಗಳನ್ನು, ಅಂದರೆ ಮೇಣದ ಹಲ್ಲೆಗಳನ್ನು, ಕಿತ್ತು ತಂದು ಕಾವಿನ ಪೆಟ್ಟಿಗೆಯಲ್ಲಿ ಇಟ್ಟೆ. ಎರಿಯ ಕೋಣೆಯ ಮುಚ್ಚಳ ಕಚ್ಚಿ ತೂತುಮಾಡಿಕೊಂಡು ಹೊರಗೆ ಬಂದ ಹೊಸ ಹುಳು ಬೂದುಬಣ್ಣಕ್ಕೆ, ಮೆತ್ತಗೆ, ತಡವರಿಸುತ್ತಾ ಇರುತ್ತದೆ. ಕಚ್ಚಲು ಬರುವುದಿಲ್ಲ. ಆಗಲೇ ಬೆನ್ನಿಗೆ ಬಣ್ಣದ ಚುಕ್ಕೆ ಇಟ್ಟುಬಿಡಬೇಕು. ಅಕ್ಕನ ಮನೆ ಹುಳುಗಳಿಗೆ ಬಿಳಿ ಚುಕ್ಕೆ, ಕೆ.ಆರ್. ನಗರದವಕ್ಕೆ ಹಳದಿ. ಬಿಳಿಯವನ್ನು ಗಿರಣಿ ತೋಟದ ಪೆಟ್ಟಿಗೆಗೆ ಬಿಟ್ಟೆ. ಹಳದಿಯವನ್ನು ಅಕ್ಕನ ಪೆಟ್ಟಿಗೆಗೆ. ಅವು ಅಲ್ಲಿಯೇ ಬೆಳೆದು, ಒಳಗಿನ ಕೆಲಸ ಮುಗಿಸಿ, ಬಾಗಿಲ ಕಾವಲಿಗೆ ಬರುವವರೆಗೆ ಕಾಯಬೇಕು. ಆಗ ಹಿಡಿದು ನೋಡಿದರೆ ಯಾವುದು ಹುಟ್ಟು, ಯಾವುದು ನೆಲೆ ಎಂದು ಹೇಳಬಹುದು.

ಅಕ್ಕನಿಗೆ ಇದು ಹಿಡಿಸಿತು. “ಒಟ್ನಲ್ಲಿ ಸೊಸೆ ತಂದಂಗೆ,” ಅಂದರು. “ತಾಯಿಮನೆ ಬುದ್ಧಿಯೋ, ಅತ್ತೆಮನೆ ಬುದ್ಧಿಯೋ ನೋಡವ ಅಂತೀರಿ.” ಅಂದು ಮೊದಲ ಬಾರಿಗೆ ಕೂರಿಸಿ ಕಾಫಿ ಕೊಟ್ಟರು.

ಹಳದಿ ಚುಕ್ಕೆಗಳು ಇನ್ನೂ ಬಾಗಿಲಿಗೆ ಬಂದಿರಲಿಲ್ಲ. ಅಷ್ಟರಲ್ಲಿ ಪತ್ರಿಕೆಯಲ್ಲಿ ಸುದ್ದಿ ಬಂತು. ‘ಈ ಜೇನಿನ ಜೀನಿನಲ್ಲೇ ರೌಡಿತನ!’ ನಿರ್ದೇಶಕರ ನಗುಮುಖದ ಚಿತ್ರ. ‘ಕೆಲವು ಜೇನುಗಳ ದುಷ್ಟತನ ರಕ್ತಗತ, ಅಂಥ ತಳಿಯನ್ನು ನಿರ್ಮೂಲ ಮಾಡಿ ಸಾಧು ತಳಿ ತರಬೇಕು’ ಎಂಬ ಮಾತು. ನನ್ನ ಗ್ರಾಫು, ಅದರ ಕೆಳಗಿದ್ದ ವಿವರಣೆಯ ಸಾಲು ಕತ್ತರಿಸಿ ಹಾಕಿದ್ದು. ಊರಿನ ಹೆಸರೂ ಇತ್ತು.

ನಾನು ಓಡಿಹೋಗಿ ಅವರ ಕೋಣೆಯಲ್ಲಿ ನಿಂತೆ. “ಸರ್, ಇದನ್ನ ನಾವು ಎಲ್ಲಿ ತೋರಿಸಿದ್ದೀವಿ?”

“ಜನಕ್ಕೆ ಸರಳವಾಗಿ ಹೇಳಬೇಕಮ್ಮ. ಜೀನ್ ಚಟುವಟಿಕೆ, ಪರಿಸರ ಅಂತ ಕೂತರೆ ಯಾರು ಓದ್ತಾರೆ?”

“ಸರಳವಾಗಿ ಸುಳ್ಳು ಹೇಳಿದ್ದೀರಿ ಸರ್.”

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹೋಗಿ, ನಿಮ್ಮ ಕೆಲಸ ಮಾಡಿ.”

ಮಾರನೆಯ ಬೆಳಗ್ಗೆ ಅಕ್ಕನ ಫೋನು. “ಸುಟ್ರು ಕಣಮ್ಮ,” ಅಂದರು.

ನಾನು ಬಸ್ಸಿನಲ್ಲಿ ಹೋಗಿ ಇಳಿದು ನಡೆಯುವಾಗಲೇ ಮೇಣದ ವಾಸನೆ ಬರುತ್ತಿತ್ತು. ಡೀಸೆಲ್ ಸುರಿದು ಬೆಂಕಿ ಇಟ್ಟಿದ್ದರು. ಪೆಟ್ಟಿಗೆಗಳು ಕಪ್ಪು ಹಲಗೆಗಳಾಗಿ ಮಲಗಿದ್ದವು. ಕರಗಿದ ಮೇಣ ಬದುವಿನ ಮಣ್ಣಿನಲ್ಲಿ ಇಳಿದು ಹೆಪ್ಪಾಗಿತ್ತು. ಹೂವಿಗೆ ಹೋಗಿದ್ದ ಹುಳುಗಳು ಮರಳಿ ಬಂದು, ಮನೆಯಿದ್ದ ಜಾಗದ ಗಾಳಿಯಲ್ಲಿ ಸುತ್ತು ಹಾಕುತ್ತಿದ್ದವು. ನನ್ನ ಹಳದಿ ಚುಕ್ಕೆಗಳು ಒಂದೂ ಉಳಿದಿರಲಿಲ್ಲ. ಅವು ಇನ್ನೂ ಒಳಗೆ ಮರಿ ಸಾಕುವ ವಯಸ್ಸಿನವು. ಕಚ್ಚುವ ವಯಸ್ಸೂ ಆಗಿರಲಿಲ್ಲ.

“ಪೇಪರ್ ತಕಬಂದು ಮೊಕಕ್ಕೆ ಇಡುದ್ರು,” ಅಂದರು ಅಕ್ಕ. “ಸೈಂಟಿಸ್ಟೇ ಏಳವ್ರೆ ಅಂದ್ರು. ನಮ್ಮೆಜಮಾನ್ರು ಅಡ್ಡ ನಿಂತ್ರು, ತಳ್ಬುಟ್ರು. ಡೈರಿ ತಾವ ಓದ್ರೆ ಈಗ ‘ರೌಡಿ ಜೀನಕ್ಕ’ ಬಂದ್ಲು ಅಂತ ನಗ್ತಾರೆ. ಆ ಮನೆ ಉಳನೇ ಅಂಗೆ, ಮನೆಯೋರೂ ಅಂಗೇಯ ಅಂತಾರೆ. ಉಳಕ್ಕೇನೋ ಅಂದ್ರಿ, ನಮಗ್ಯಾಕಮ್ಮ ಅಂಟಿಸ್ತೀರಿ?”

ಹುಳುವಿನ ರಕ್ತದ ಮಾತು ಮನುಷ್ಯರ ರಕ್ತಕ್ಕೆ ಹರಿಯಲು ನಮ್ಮಲ್ಲಿ ಹೊತ್ತು ಬೇಕಾಗಿಲ್ಲ. ಆ ಕಾಲುವೆ ತೋಡಿಯೇ ಇದೆ.

ಬೂದಿಯ ಪಕ್ಕ ಕೂತಿದ್ದಾಗಲೇ ನಾನು ಅದನ್ನು ನೋಡಿದ್ದು. ಉಳಿದ ಜೇನುಹುಳುಗಳ ನಡುವೆ ದಪ್ಪ ದಪ್ಪ ಕಡಜಗಳು ಹಾರುತ್ತಿದ್ದವು. ಒಂದು ಕಡಜ ಗಾಳಿಯಲ್ಲೇ ಒಂದು ಜೇನುಹುಳುವನ್ನು ಹಿಡಿದು, ಕಾಲಲ್ಲಿ ಅಮರಿಕೊಂಡು, ಪಕ್ಕದ ಹೊಲದ ಕಡೆ ಹೋಯಿತು. ಇನ್ನೊಂದು ಬಂತು. ಒಂದೆರಡು ಕಡಜ ಎಲ್ಲ ಕಡೆಯೂ ಇರುತ್ತವೆ. ಇಷ್ಟೊಂದು ಇರುವುದಿಲ್ಲ. ನಾನು ಅವು ಹೋದ ದಿಕ್ಕಿಗೆ ಬೇಲಿ ದಾಟಿದೆ.

ಪಕ್ಕದ್ದು ಕೋಳಿ ಫಾರಂ. ಶೆಡ್ಡಿನ ಹಿಂದೆ ಒಂದು ಗುಂಡಿ, ಮುಚ್ಚಳವಿಲ್ಲ, ಮಣ್ಣಿಲ್ಲ. ಸತ್ತ ಕೋಳಿಗಳನ್ನು ಅದರಲ್ಲಿ ಎಸೆದಿದ್ದರು. ಮೇಲೆ ಕಡಜಗಳು ಮುತ್ತಿದ್ದವು. ಮಾಂಸ ಕೊಯ್ದುಕೊಳ್ಳಲು ಬಂದವು ಹತ್ತಿರದಲ್ಲೇ ಜೇನುಪೆಟ್ಟಿಗೆ ಕಂಡರೆ ಬಿಡುತ್ತವೆಯೇ? ದಿನವಿಡೀ ಬಾಗಿಲಲ್ಲಿ ಶತ್ರು ನಿಂತಿದ್ದರೆ ಕಾವಲು ಹುಳುಗಳು ಅಪಾಯದ ವಾಸನೆ ಬಿಡುತ್ತಲೇ ಇರುತ್ತವೆ. ಆ ವಾಸನೆಯಲ್ಲೇ ಬೆಳೆದ ಹುಳುವಿನ ಮಿದುಳು ಇನ್ನು ಹೇಗಿರಬೇಕು?

ಫಾರಂ ಮಾಲೀಕ ಪಂಚಾಯ್ತಿ ಸದಸ್ಯ. ಪೆಟ್ಟಿಗೆ ಸುಡಬೇಕೆಂದು ಮೊದಲು ಕೂಗೆಬ್ಬಿಸಿದ್ದೂ ಆತನೇ. ಕಚ್ಚಿಸಿಕೊಂಡ ಹೆಂಗಸು ಅವನ ಫಾರಂನ ಆಳು.

“ಗುಂಡಿ ಮುಚ್ಚಿಸಿ,” ಅಂದೆ. “ಸುಣ್ಣ ಹಾಕಿ ಮಣ್ಣು ಎಳೆಸಿ.”

“ನನ್ ಜಮೀನು, ನನ್ ಗುಂಡಿ. ನೀವು ಜೇನ್ ನೋಡಕ್ ಬಂದ್ರೋ, ಕೋಳಿ ನೋಡಕ್ ಬಂದ್ರೋ? ನಿಮ್ ಸಾಹೇಬ್ರೇ ಪೇಪರಲ್ಲಿ ಏಳವ್ರಲ್ಲ ಕಣಮ್ಮ, ತಳೀನೇ ಕೆಟ್ಟದ್ದು ಅಂತ.”

ಮೈಸೂರಿಗೆ ಬಂದು ನಿರ್ದೇಶಕರಿಗೆ ಗುಂಡಿಯ ಫೋಟೋ ತೋರಿಸಿದೆ. ಅದು ನಮ್ಮ ವಿಷಯವಲ್ಲ ಅಂದರು. ಅಷ್ಟರಲ್ಲಿ ಗಿರಣಿ ತೋಟದಲ್ಲಿ ಬಿಳಿ ಚುಕ್ಕೆಯ ಹುಳುಗಳು ಕಾವಲಿಗೆ ಬಂದಿದ್ದವು. ‘ರೌಡಿ’ ತಾಯಿಯ ಮಕ್ಕಳು. ಕಪ್ಪು ಚರ್ಮ ಅಲ್ಲಾಡಿಸಿದರೆ ಉಳಿದವುಗಳಂತೆಯೇ ನೋಡಿ ಒಳಗೆ ಹೋದವು. ಮಿದುಳಿನಲ್ಲಿ ಆ ಜೀನುಗಳು ತಣ್ಣಗೇ ಇದ್ದವು. ಗಿರಣಿ ಮಾಲೀಕರು ಹಣೆಯ ವಿಭೂತಿ ಬೆವರಿಗೆ ಕರಗುತ್ತಿದ್ದರೂ ಬಿಸಿಲಲ್ಲಿ ನನ್ನ ಜೊತೆ ನಿಂತು ನೋಡಿದರು. “ಪಾಪ, ಒಳ್ಳೇ ಹುಳುಗಳೇ ಕಣ್ರೀ,” ಅಂದರು.

ಈ ಫಲಿತಾಂಶವನ್ನು ನಿರ್ದೇಶಕರ ಮುಂದಿಟ್ಟಾಗ ಅವರು ಹೇಳಿದ್ದು ಕೇಳಿ: “ಅರ್ಧ ಪ್ರಯೋಗ. ಇನ್ನರ್ಧ ಎಲ್ಲಿ?”

ಇನ್ನರ್ಧ ನಿಮ್ಮ ಸುದ್ದಿಯ ಬೆಂಕಿಯಲ್ಲಿ ಹೋಯಿತು ಎಂದೆ. ಅವರು ಕೇಳಿಸಿಕೊಳ್ಳದವರಂತೆ ಸಾಧು ತಳಿಯ ಮೊದಲ ಪೆಟ್ಟಿಗೆಗಳನ್ನು ಅಕ್ಕನಿಗೇ ಕೊಡುವ ಯೋಜನೆ ಹೇಳಿದರು. ಸುಟ್ಟ ಜಾಗದಲ್ಲೇ ಇಡಬೇಕು. ಫೋಟೋ ಚೆನ್ನಾಗಿ ಬರುತ್ತದೆ. ಗುಂಡಿ ಮುಚ್ಚುವವರೆಗೆ ಬೇಡ ಎಂದು ನಾನು ಬರೆದುಕೊಟ್ಟೆ. ಅದಕ್ಕೆ ಉತ್ತರ ಬರಲಿಲ್ಲ. ಪೆಟ್ಟಿಗೆಗಳು ಹೋದವು. ಅವುಗಳಲ್ಲಿದ್ದದ್ದು ಕೆ.ಆರ್. ನಗರದ ಅದೇ ತೋಟದ ಹುಳುಗಳ ಸಂತತಿ. ಫೋಟೋದಲ್ಲಿ ಅಕ್ಕ ನಗಲಿಲ್ಲ.

ಸುಮಾರು ಒಂದೂವರೆ ತಿಂಗಳಾದ ಮೇಲೆ ಅಕ್ಕ ಫೋನ್ ಮಾಡಿದರು. “ನಿಮ್ ಸಾಧು ಜೇನು ನಮ್ ದನ ಕಟ್ಟಕ್ ಓದೋರ್ನ ಅಟ್ಟುಸ್ಕಂಡ್ ಬಂದ್ವು ಕಣಮ್ಮ. ಈಗ ಇವ್ಕೂ ಬೆಂಕಿ ಇಕ್ತಾರಾ? ಈಗ ಯಾರ್ ತಳಿ ಕೆಟ್ಟದ್ದು ಅಂತಾರೆ?”

ಕೇಳಿ ನನಗೆ ನಗುವೂ ಬಂತು, ಸಿಟ್ಟೂ ಬಂತು. ಬೆಂಕಿಗೆ ಹೋದ ನನ್ನ ಅರ್ಧ ಪ್ರಯೋಗವನ್ನು ನಿರ್ದೇಶಕರು ತಮಗೆ ಗೊತ್ತಿಲ್ಲದೆ ತಾವೇ ದೊಡ್ಡದಾಗಿ ಮಾಡಿಕೊಟ್ಟಿದ್ದರು. ಕ್ಯಾನು ಹೊತ್ತುಕೊಂಡು ಹೊರಟೆ. ಪೆಟ್ಟಿಗೆಯ ಮುಖದ ಮೇಲೆ ಹುಳುಗಳು ಒತ್ತಾಗಿ ಕೂತು, ಕಡಜ ಸಮೀಪಿಸಿದಾಗಲೆಲ್ಲ ಒಟ್ಟಿಗೆ ಮೈ ಅಲುಗಿಸುತ್ತಿದ್ದವು. ಗಾಳಿಗೆ ರಾಗಿ ಪೈರು ಬಾಗಿದಂತೆ ಅಲೆ ಓಡುತ್ತಿತ್ತು. ಕಪ್ಪು ಚರ್ಮ ಹಿಡಿದೆ. ಕೊಂಡಿಗಳಿಂದ ತುಂಬಿತು. ಕಾವಲು ಹುಳುಗಳ ಮಿದುಳು ಅಳೆದಾಗ ಅವೇ ಜೀನುಗಳು ಎದ್ದು ಕೂತಿದ್ದವು.

ನಿರ್ದೇಶಕರು ಈ ಸಲ ಬಾಗಿಲು ಹಾಕಿಕೊಂಡು ಮಾತಾಡಿದರು. “ಈ ಡೇಟಾ ಸಂಸ್ಥೆಯದು. ನನ್ನ ಅನುಮತಿ ಇಲ್ಲದೆ ಹೊರಗೆ ಹೋಗಬಾರದು.”

“ಮೊದಲನೆಯದು ಯಾರ ಅನುಮತಿಯಿಂದ ಪತ್ರಿಕೆಗೆ ಹೋಯ್ತು ಸರ್?”

“ನನ್ನದೇ ಅನುಮತಿ. ನಿಮ್ಮ ಕಾಂಟ್ರಾಕ್ಟು ಮುಂದಿನ ವರ್ಷ ನನ್ನ ಸಹಿಗೇ ಬರುತ್ತೆ, ನೆನಪಿರಲಿ.”

ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದೆ. ಕೆಲಸ ಬೇಕಿತ್ತು. ಮನೆಯಲ್ಲಿ ನನ್ನ ಸಂಬಳವೇ ಆಧಾರ. ಆದರೆ ಒಂದು ಊರಿಗೆ ಹೋಗಿ, ಒಬ್ಬರ ಹೊಲದಲ್ಲಿ ಕೂತು, ಕಾಫಿ ಕುಡಿದು, ಅವರ ಹುಳು ಹಿಡಿದು ಅಳೆದವಳು ನಾನು. ಆ ಅಳತೆಯನ್ನು ಹಿಡಿದುಕೊಂಡೇ ಅವರ ಪೆಟ್ಟಿಗೆ ಸುಟ್ಟರು. ಸರಿಯಾದ ಅಳತೆ ಕೈಯಲ್ಲಿದ್ದೂ ಹೇಳದಿದ್ದರೆ ನಾನು ಅಳೆಯುವುದು ಯಾತಕ್ಕೆ? ಆ ವಾರ ಗ್ರಾಮಸಭೆ ಇತ್ತು. ಹೋಗುವುದೆಂದು ತೀರ್ಮಾನಿಸಿದೆ.

ಶಾಲೆಯ ಅಂಗಳದಲ್ಲಿ ಶಾಮಿಯಾನ. ಅಧ್ಯಕ್ಷರು ನನಗೆ ಮೈಕು ಕೊಟ್ಟರು. ಸಾಧು ಜೇನಿನ ಬಗ್ಗೆ ಒಳ್ಳೆಯದು ಹೇಳುತ್ತಾಳೆ ಅಂದುಕೊಂಡಿದ್ದರೇನೋ. ನಾನು ಗ್ರಾಫ್ ತೋರಿಸಲಿಲ್ಲ. ಇಲ್ಲಿ ಹುಟ್ಟಿ ಅಲ್ಲಿ ಬೆಳೆದವು ಕಚ್ಚಲಿಲ್ಲ, ಅಲ್ಲಿ ಹುಟ್ಟಿ ಇಲ್ಲಿ ಬೆಳೆದವು ಕಚ್ಚುತ್ತಿವೆ, ಬೇಕಾದರೆ ಬನ್ನಿ, ಎರಡೂ ಕಡೆ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂದೆ. ತಳಿ ಕೆಟ್ಟದ್ದಲ್ಲ, ಗುಂಡಿ ಕೆಟ್ಟದ್ದು ಅಂದೆ. ಪತ್ರಿಕೆಯಲ್ಲಿ ಬಂದದ್ದು ಸುಳ್ಳು, ಅದರಲ್ಲಿದ್ದ ಗ್ರಾಫು ನಾನೇ ಬರೆದದ್ದು, ಅದು ಹೇಳುವುದು ಬೇರೆ ಎಂದೂ ಅಂದೆ.

ಫಾರಂ ಮಾಲೀಕ ಎದ್ದ. “ಗುಂಡಿಗೂ ಜೇನಿಗೂ ಏನ್ ಸಂಬಂದ? ಯಾರ್ ನೋಡವ್ರೆ?”

ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದು ನಿಂತರು. ಕುತ್ತಿಗೆಯ ಮೇಲೆ ಕಪ್ಪು ಕಲೆಗಳು ಇನ್ನೂ ಇದ್ದವು. ಆಸ್ಪತ್ರೆ ಸೇರಿದ್ದವರು.

“ನಾನ್ ನೋಡಿವ್ನಿ ಕಣಪ್ಪ,” ಅಂದರು. “ಸತ್ ಕೋಳಿ ಬುಟ್ಟಿ ವೊತ್ಕಂಡು ಜೇನ್ ಪೆಟ್ಗೆ ಮುಂದಾಸಿ ಓಗ್ತಿದ್ದೆ. ಬುಟ್ಟಿ ಸುತ್ತ ಕಡಜ. ನಾನ್ ಕಡಜಕ್ಕೆ ಕೈ ಬೀಸ್ದೆ. ಆಗ ಜೇನ್ ಎದ್ದಿದ್ದು. ನಿಂಗೆ ಆವತ್ತೇ ಏಳ್ದೆ. ಸುಮ್ಕಿರು ಅಂತ ನೀನೇ ಅಂದೆ.”

ಮಾರನೆಯ ದಿನದಿಂದ ಆಕೆಗೆ ಆ ಫಾರಂನಲ್ಲಿ ಕೆಲಸ ಇರುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಕೆಗೂ ಗೊತ್ತಿತ್ತು.

ಗುಂಡಿ ಮುಚ್ಚಿಸಬೇಕೆಂದು ಅಧ್ಯಕ್ಷರು ಹೇಳಿ, ಮುಂದಿನ ವಿಷಯ ಬೀದಿದೀಪ ಅಂದರು. ಆಗ ಅಕ್ಕ ಎದ್ದರು.

“ಬೀದಿದೀಪ ಆಮ್ಯಾಕ್ ನೋಡವ. ಸುಡೋವಾಗ ಮೈಕಲ್ ಕೂಗಿದ್ರಲ್ಲ, ಕೆಟ್ ಜಾತಿ ಉಳ ಅಂತ? ಅದೇ ಮೈಕಲ್ಲಿ ಏಳಿ, ತಪ್ಪಾಯ್ತು ಅಂತ.”

“ಆಗೋಯ್ತಲ್ಲ ಬುಡವ್ವ,” ಅಂದರು ಅಧ್ಯಕ್ಷರು. ಮೈಕಿನ ಸ್ವಿಚ್ಚು ಒತ್ತಿದರು. ಅದು ಆರಿತು.

ಅಕ್ಕ ಮೈಕಿಗೆ ಕಾಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳದ ನಡುವೆ ಬಂದು, ಊರಿನ ಕಡೆ ತಿರುಗಿ ಅವರೇ ಹೇಳಿದರು. ತನ್ನ ಹುಳು ಕೆಟ್ಟವಲ್ಲ, ತನ್ನ ಮನೆಯೂ ಕೆಟ್ಟದ್ದಲ್ಲ, ಸುಟ್ಟವರ ಹೆಸರು ತನಗೆ ಗೊತ್ತು ಎಂದು. ಒಬ್ಬೊಬ್ಬರ ಹೆಸರನ್ನೂ ಹೇಳಿದರು. ಅವರಲ್ಲಿ ಹಲವರು ಅಲ್ಲೇ ಕೂತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ.

ಗುಂಡಿಗೆ ಮಣ್ಣು ಬಿತ್ತು. ಕಡಜಗಳು ಕಡಿಮೆಯಾಗಲು ಕೆಲವು ವಾರ ಹಿಡಿಯಿತು. ಉದ್ರೇಕದಲ್ಲಿ ಬೆಳೆದ ಹುಳುಗಳು ಸತ್ತು, ಹೊಸ ಹುಳುಗಳು ಬಾಗಿಲಿಗೆ ಬಂದ ಮೇಲೆ ಪೆಟ್ಟಿಗೆ ತಣ್ಣಗಾಯಿತು. ಕೆಲಸ ಕಳೆದುಕೊಂಡ ಹೆಂಗಸು ಈಗ ಅಕ್ಕನ ಹೊಲಕ್ಕೇ ಕೂಲಿಗೆ ಬರುತ್ತಾರೆ. ವರ್ಷವಿಡೀ ಕೆಲಸ ಕೊಡುವಷ್ಟು ಹೊಲ ಅಕ್ಕನದಲ್ಲ.

ನಿರ್ದೇಶಕರು ತಮ್ಮ ಪ್ರಬಂಧ ಕಳಿಸಿದರು, ಅದಲುಬದಲಿನ ಮಾತು ಬಿಟ್ಟು. ನನ್ನ ಹೆಸರನ್ನು ಅದರಿಂದ ತೆಗೆಸಿದೆ. “ನಷ್ಟ ನಿಮಗೇ,” ಅಂದರು. ಕಾಂಟ್ರಾಕ್ಟು ಮುಂದುವರಿಯಲಿಲ್ಲ. ಈಗ ಹುಣಸೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಕಟ್ಟೆಮಳಲವಾಡಿಯ ಕಡೆಯಿಂದ, ಎಚ್.ಡಿ. ಕೋಟೆ ಕಡೆಯಿಂದ ಬರುವ ಹುಡುಗಿಯರು ರಕ್ತಗುಣ, ವಂಶಗುಣ ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ಕೂರಿಸಿಕೊಂಡು ಜಗಳವಾಡುತ್ತೇನೆ.

ಪತ್ರಿಕೆಯವರಿಗೆ ತಿದ್ದುಪಡಿ ಹಾಕಿ ಎಂದು ಬರೆದೆ, ಫೋನ್ ಮಾಡಿದೆ, ಕಚೇರಿಗೂ ಹೋದೆ. ಹಳೆಯ ಸುದ್ದಿ, ಈಗ ಯಾರಿಗೂ ನೆನಪಿಲ್ಲ ಅಂದರು. ಡೈರಿಯ ಹತ್ತಿರ ನಗುವವರಿಗೆ ಚೆನ್ನಾಗಿ ನೆನಪಿದೆ ಅಂದೆ. ನೋಡೋಣ ಅಂದರು. ನೋಡಲಿಲ್ಲ.

ಅಕ್ಕನಿಗೆ ಇದನ್ನು ಹೇಳಿದಾಗ ಅವರು ಬೈದದ್ದು ನನಗೇ. “ಅವ್ರ ಬಾಗ್ಲಿಗ್ ಎಷ್ಟ್ ಕಿತ ಓಯ್ತಿಯಮ್ಮ? ನಿಂಗ್ ಬರಿಯಕ್ ಬರಕಿಲ್ವಾ? ನೀನೇ ಬರಿ. ಊರ್ ಎಸ್ರು ಬ್ಯಾಡ, ನನ್ ಎಸ್ರೂ ಬ್ಯಾಡ. ಉಳ ಕೆಟ್ಟವಾಗಿರ್ಲಿಲ್ಲ ಅಂತ ಬರಿ.”

ಹುಳು ಕೆಟ್ಟವಾಗಿರಲಿಲ್ಲ.